ನಾಲ್ಕು ನಪಾಸು, ಅರವತ್ತೆರಡು ಕ್ರೆಡಿಟ್

ಹೆಮ್ಲಾಕ್ ಕ್ರೀಕ್, ಮಿಶಿಗನ್
ಏಪ್ರಿಲ್ 3, 2018

ಪ್ರೀತಿಯ ಕ್ರಿಸ್ಟಾ,

ಮೊದಲು ಎಲ್ಲಾದರೂ ಕೂತುಕೋ. ಹಡಗಿನ ಎಂಜಿನ್ ಪಕ್ಕದಲ್ಲಿ ಬೇಡ, ಬಿಸಿ ಇರುತ್ತದೆ. ಕೂತೆಯಾ? ಅರವತ್ತನಾಲ್ಕರಲ್ಲಿ ಅರವತ್ತೆರಡು!

ನಿನ್ನೆ ಯೂನಿವರ್ಸಿಟಿಯ ಲಕೋಟೆ ಬಂತು. ನಾನು ಶಾಲೆಯ ಅಡುಗೆಮನೆಯಿಂದ ಬರುವಷ್ಟರಲ್ಲಿ ನಿನ್ನಪ್ಪ ಅದನ್ನು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದ. ತಾನು ಎದುರು ಕುರ್ಚಿಯಲ್ಲಿ, ಕೋಟು ಕೂಡ ಬಿಚ್ಚದೆ ಕಾವಲು ಕೂತಿದ್ದ.

“ಒಡೆದು ನೋಡ್ಲಿಲ್ವಾ?” ಅಂದೆ.

“ಹೆಸರು ನಿಂದು. ಧೈರ್ಯಾನೂ ನಿಂದೇ ಇರ್ಲಿ” ಅಂದ.

ಎರಡು ವರ್ಷದ ಕಾಲೇಜನ್ನು ನಾನು ಕೆಲಸದ ನಡುವೆ ನಾಲ್ಕು ವರ್ಷ ಓದಿದ್ದು ನಿನಗೆ ಗೊತ್ತೇ ಇದೆ. ಅಲ್ಲಿ ಗಳಿಸಿದ ಕ್ರೆಡಿಟ್‌ಗಳಲ್ಲಿ ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಕಿತ್ತೆಸೆಯುತ್ತಾರೆ ಎಂದು ಚಳಿಗಾಲವಿಡೀ ನಿದ್ದೆಗೆಟ್ಟಿದ್ದೆ. ಗಣಿತ ಒಪ್ಪಿದ್ದಾರೆ. ಅದಕ್ಕಾಗಿ ನಾನು ಮೂರು ಸಲ ಅತ್ತದ್ದು ಪಟ್ಟಿಯಲ್ಲಿ ಇಲ್ಲ. ಮಕ್ಕಳ ಮನಶ್ಶಾಸ್ತ್ರ ಒಪ್ಪಿದ್ದಾರೆ. ಮಂಗಳವಾರ ಬೇರೆ ತರಗತಿ ಸಿಗಲಿಲ್ಲವೆಂದು ವೆಲ್ಡಿಂಗ್ ಕಲಿತೆನಲ್ಲ, ಅದನ್ನು ಎಲ್ಲಿಗೆ ಸೇರಿಸಿದ್ದಾರೆ ಹೇಳು? ಲಲಿತಕಲೆಗೆ! ತಳ್ಳಿಹಾಕಿದ್ದು ಒಂದೇ, ‘ಆರೋಗ್ಯಕ್ಕಾಗಿ ನಡಿಗೆ’, ಎರಡು ಕ್ರೆಡಿಟ್. ನಲವತ್ತೇಳು ವರ್ಷದಿಂದ ನಡೆಯುತ್ತಿದ್ದೇನೆ, ಆ ಮಹಾರಾಯರಿಗೆ ಸಾಲಲಿಲ್ಲವಂತೆ.

ಅಂದರೆ ಸೆಪ್ಟೆಂಬರಿನಲ್ಲಿ ನಾನು ನೇರವಾಗಿ ಮೂರನೇ ವರ್ಷಕ್ಕೆ. ಶಿಕ್ಷಕರ ತರಬೇತಿ ಎರಡು ವರ್ಷಕ್ಕೊಮ್ಮೆ ಮಾತ್ರ ಶುರುವಾಗುತ್ತದೆ, ಇಪ್ಪತ್ತೇ ಸೀಟು. ನಮ್ಮ ಶಾಲೆಯ ಒಂದನೇ ತರಗತಿ ಟೀಚರ್ 2020ಕ್ಕೆ ನಿವೃತ್ತಿಯಾಗುತ್ತಾರೆ, ಆ ಜಾಗಕ್ಕೆ ನಾನೇ ಬರಬೇಕೆಂದು ಹೆಡ್ಮಾಸ್ಟರ್ ಬಾಯಿಬಿಟ್ಟು ಹೇಳಿದ್ದಾರೆ. ಇಪ್ಪತ್ತೆರಡು ವರ್ಷ ಮಕ್ಕಳ ತಟ್ಟೆಗೆ ಬಡಿಸಿದ ಕೈಯಲ್ಲಿ ಸೀಮೆಸುಣ್ಣ ಹಿಡಿಯುತ್ತೇನೆ, ಮಗಳೇ.

ಇಲ್ಲಿ ಇನ್ನೂ ಮೊಣಕಾಲು ಮಟ್ಟ ಹಿಮ ಇದೆ. ಬೆಚ್ಚಗಿರು.

ನೆಲದ ಮೇಲೆ ಕಾಲು ನಿಲ್ಲದ ನಿನ್ನ ಅಮ್ಮ,
ಸೈಮಾ


ವಾಲ್ಟರ್ ಪಾಮರ್ ಹಡಗು, ಹ್ಯೂರನ್ ಸರೋವರ
ಏಪ್ರಿಲ್ 16

ಕಲಾವಿದೆ ಅಮ್ಮನಿಗೆ,

ನಿನ್ನ ಪತ್ರ ಡೆಟ್ರಾಯಿಟ್ ನದಿಯಲ್ಲಿ ಸಿಕ್ಕಿತು. ಅಂಚೆ ದೋಣಿ ಪಕ್ಕಕ್ಕೆ ಬಂದಾಗ ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು ಮೇಲೆಳೆದವಳು ನಾನೇ. ಊಟದ ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. ಕ್ಷಮಿಸು, ತಡೆಯಲಾಗಲಿಲ್ಲ.

ವೆಲ್ಡಿಂಗ್ ಲಲಿತಕಲೆಯೆಂದು ಕೇಳಿದ ಕೂಡಲೇ ನಮ್ಮ ಚೀಫ್ ಎಂಜಿನಿಯರ್ ಡ್ವೇನ್ ಚಮಚ ಕೆಳಗಿಟ್ಟ. “ಮೂವತ್ತು ವರ್ಷದಿಂದ ಪೈಪಿಗೆ ತೇಪೆ ಹಾಕ್ತಿದೀನಿ, ಒಬ್ಬನೂ ನನ್ನ ಕಲಾವಿದ ಅನ್ಲಿಲ್ವಲ್ಲೇ!” ಮಧ್ಯಾಹ್ನ ಕೆಳಗಿಳಿದು ನೋಡಿದರೆ, ಹೋದ ವಾರ ತಾನು ಬೆಸೆದ ಉಗಿ ಪೈಪಿನ ಮೇಲೆ ಬಿಳಿ ಬಣ್ಣದಲ್ಲಿ ಸಹಿ ಹಾಕಿ ತಾರೀಖು ಬರೆದಿದ್ದ. ಈಗ ಎಂಜಿನ್ ಕೋಣೆಗೆ ಬರುವವರೆಲ್ಲ ಟೋಪಿ ತೆಗೆದು ಬರಬೇಕಂತೆ.

ನನಗೆ ಎಷ್ಟು ಹೆಮ್ಮೆಯಾಗಿದೆ ಎಂದು ಬರೆಯಲು ಬರುವುದಿಲ್ಲ. ನಾನು ಹೈಸ್ಕೂಲು ಮುಗಿಸಿ ಹಡಗು ಹತ್ತಿದಾಗ ನೀನು ಒಂದು ಮಾತೂ ಆಡಲಿಲ್ಲ. ಓದು ನಮ್ಮಂಥವರಿಗಲ್ಲ ಎಂದೇ ನಿನ್ನ ಮನಸ್ಸಿನಲ್ಲಿದೆ ಎಂದುಕೊಂಡಿದ್ದೆ. ಈಗ ನೋಡು, ನಮ್ಮ ಮನೆತನದಲ್ಲಿ ಯೂನಿವರ್ಸಿಟಿ ಮೆಟ್ಟಿಲು ಹತ್ತುವ ಮೊದಲನೆಯವಳು ನೀನು!

ಅಪ್ಪನಿಗೆ ಹೇಳು, ಕೋಟು ಬಿಚ್ಚಬಹುದು.

ನಿನ್ನ
ಕ್ರಿಸ್ಟಾ


ಹೆಮ್ಲಾಕ್ ಕ್ರೀಕ್
ಮೇ 7

ಕ್ರಿಸ್ಟಾ,

ಹುಟ್ಟುಹಬ್ಬದ ಶುಭಾಶಯ. ಈ ಪತ್ರ ಹನ್ನೊಂದರೊಳಗೆ ಬಕೆಟ್ ಸೇರುತ್ತದೋ ಇಲ್ಲವೋ. ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ, ಎಡದ್ದು ಸ್ವಲ್ಪ ದೊಡ್ಡದಾಗಿದೆ.

ಹಡಗಿನ ಕಾಗದಪತ್ರಕ್ಕೆಂದು ನಿನ್ನ ಜನನ ಪತ್ರ ಒಯ್ದಿದ್ದೀಯಲ್ಲ, ಅದರದೊಂದು ಪ್ರತಿ ಬೇಕಿತ್ತು. ಯೂನಿವರ್ಸಿಟಿ ಆಫೀಸಿನವರು ಕೇಳಿದ್ದಾರೆ. ದೊಡ್ಡ ವಿಷಯವೇನಲ್ಲ.

ಅಮ್ಮ


ವಾಲ್ಟರ್ ಪಾಮರ್, ಈರಿ ಸರೋವರ
ಮೇ 21

ಅಮ್ಮಾ,

ಕಾಲುಚೀಲ ಬೆಚ್ಚಗಿದೆ. ಎಡದ್ದರಲ್ಲಿ ನನ್ನ ಕಾಲಿನ ಜೊತೆ ಡ್ವೇನ್ ಕಾಲೂ ಹಿಡಿಸುತ್ತದೆ.

ನೀನು ಓದುವುದಕ್ಕೂ ನನ್ನ ಜನನ ಪತ್ರಕ್ಕೂ ಏನು ಸಂಬಂಧ? ಟೊಲೀಡೋ ಬಂದರಿನಲ್ಲಿ ಸಿಗ್ನಲ್ ಸಿಕ್ಕಿದಾಗ ಮನೆಗೆ ಫೋನ್ ಮಾಡಿದ್ದೆ. ಅಪ್ಪ ತೆಗೆದ. ಕೇಳಿದರೆ, “ನಿಮ್ಮಮ್ಮನ್ನೇ ಕೇಳು. ನಂಗೆ ಸೌನಾಕ್ಕೆ ಸೌದೆ ಒಡೀಬೇಕು” ಎಂದು ಇಟ್ಟುಬಿಟ್ಟ. ಅವತ್ತು ಸೋಮವಾರ. ನಮ್ಮ ಉಗಿಸ್ನಾನದ ಗುಡಿಸಲು, ಆ ಸೌನಾ, ಕಾಯಿಸುವುದು ಶನಿವಾರ.

‘ದೊಡ್ಡ ವಿಷಯವೇನಲ್ಲ’ ಎಂದು ನೀನು ಬರೆದದ್ದು ಅಜ್ಜ ಆಸ್ಪತ್ರೆ ಸೇರಿದಾಗ, ಮತ್ತು ಈಗ. ಏನೆಂದು ನೇರವಾಗಿ ಬರೆ. ಆಮೇಲೆ ಪ್ರತಿ ಕಳಿಸುತ್ತೇನೆ.

ಕ್ರಿಸ್ಟಾ


ಹೆಮ್ಲಾಕ್ ಕ್ರೀಕ್
ಜೂನ್ 3

ನನ್ನ ಕ್ರಿಸ್ಟಾ,

ಸುತ್ತಿ ಬಳಸಿ ಬರೆಯಲು ಹೋಗಿ ಮೂರು ಹಾಳೆ ಹಾಳು ಮಾಡಿದೆ. ಇದು ನಾಲ್ಕನೆಯದು.

ನಮ್ಮ ಮನೆತನದಲ್ಲಿ ಆ ಮೆಟ್ಟಿಲನ್ನು ಮೊದಲು ಹತ್ತಿದವಳು ನಾನೇ, ಅದು ಸರಿ. ಆದರೆ ಇದೇ ಯೂನಿವರ್ಸಿಟಿಯ ಮೆಟ್ಟಿಲು ಹತ್ತಿದ್ದು 1989ರ ಆಗಸ್ಟ್‌ ಕೊನೆಯಲ್ಲಿ. ಆಗ ನನಗೆ ಹತ್ತೊಂಬತ್ತು. ನಿನ್ನ ಅಜ್ಜ ನನ್ನ ಪೆಟ್ಟಿಗೆ ಹೊತ್ತು ಹಾಸ್ಟೆಲಿನ ಬಾಗಿಲವರೆಗೆ ಬಂದು, ಒಳಗೆ ಬರಲು ನಾಚಿ ಹೊರಗೇ ನಿಂತಿದ್ದರು. ನಾಲ್ಕು ವಿಷಯ ತೆಗೆದುಕೊಂಡಿದ್ದೆ, ನಾಲ್ಕೂ ನನಗೆ ಇಷ್ಟವಾಗಿದ್ದವು. ಅಕ್ಟೋಬರಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯದ ವಾಸನೆಗೆ ಮೂರು ದಿನ ಹೊರಗೋಡಿದೆ. ನಾಲ್ಕನೇ ದಿನ ಕಾರಣ ಗೊತ್ತಾಯಿತು. ಆ ಕಾರಣ ಈಗ ಅದಿರಿನ ಹಡಗಿನಲ್ಲಿ ಎಂಜಿನಿಗೆ ಎಣ್ಣೆ ಹಾಕುತ್ತಿದ್ದಾಳೆ.

ನವೆಂಬರಿನಲ್ಲಿ ಬಿಟ್ಟು ಬಂದೆ. ನಮ್ಮ ಕಡೆಯವರು ಕೆಲಸ ಬಿಡುವಾಗ ಹೇಗೆ ಬಿಡುತ್ತಾರೋ ಹಾಗೆಯೇ ಬಿಟ್ಟೆ. ಕೋಣೆ ಗುಡಿಸಿ ಒರೆಸಿದೆ. ಲೈಬ್ರರಿ ಪುಸ್ತಕ ಹಿಂದಿರುಗಿಸಿದೆ, ಕೀಲಿ ಕೊಟ್ಟೆ. ಹಾಸ್ಟೆಲ್ ಅಡುಗೆಯವರನ್ನು ಕೇಳಿಕೊಂಡು ಅವರ ಒಲೆಯಲ್ಲೇ ಏಲಕ್ಕಿ ಬ್ರೆಡ್ ಮಾಡಿ, ನಾಲ್ಕು ಮೇಷ್ಟ್ರುಗಳಿಗೂ ಒಂದೊಂದು ಕೊಟ್ಟು, ಕೈ ಕುಲುಕಿ, ಹೋಗಿ ಬರುತ್ತೇನೆ ಎಂದು ಹೇಳಿ ಬಂದೆ. ಗಣಿತದ ಮೇಷ್ಟ್ರು ಎದ್ದು ನಿಂತು ಕೈ ಕೊಟ್ಟಿದ್ದರು. ಇದಕ್ಕಿಂತ ಮರ್ಯಾದೆಯಾಗಿ ಯಾರು ತಾನೇ ಬಿಟ್ಟು ಬಂದಾರು?

ಆದರೆ ಆಫೀಸಿಗೆ ಒಂದು ಫಾರಂ ಕೊಡಬೇಕಿತ್ತಂತೆ. ಯಾರೂ ಹೇಳಲಿಲ್ಲ. ಅಜ್ಜನಿಗೆ ಗಣಿ ಗೊತ್ತಿತ್ತು, ಕಾಡು ಗೊತ್ತಿತ್ತು, ಫಾರಂ ಎಲ್ಲಿಂದ ಗೊತ್ತಿರಬೇಕು? ಊರಿಗೆಲ್ಲ ಹೇಳಿ ಬಂದವಳು ಆಫೀಸಿನ ಪಾಲಿಗೆ ಇನ್ನೂ ತರಗತಿಯಲ್ಲೇ ಇದ್ದೆ. ಡಿಸೆಂಬರಿನಲ್ಲಿ ಪರೀಕ್ಷೆಗೆ ಬರಲಿಲ್ಲ. ನಾಲ್ಕು ವಿಷಯಕ್ಕೂ ನಪಾಸು ಬರೆದರು.

ಈ ಸಲ ಅರ್ಜಿಯಲ್ಲಿ ‘ಹಿಂದೆ ಓದಿದ ಕಾಲೇಜು’ ಎಂಬಲ್ಲಿ ಎರಡು ವರ್ಷದ ಕಾಲೇಜನ್ನು ಬಿಟ್ಟು ಬೇರೇನೂ ಬರೆಯಲಿಲ್ಲ. ಎರಡೂವರೆ ತಿಂಗಳು ಕೂತು ಬಂದದ್ದು ಓದೇ ಅಲ್ಲ ಎಂದುಕೊಂಡಿದ್ದೆ. ಮದುವೆಗೆ ಮುಂಚಿನ ಹೆಸರು ಕಂಪ್ಯೂಟರಿಗೆ ಹಾಕಿದ್ದೇ ತಡ, ನಾಲ್ಕು ನಪಾಸೂ ಎದ್ದು ಕೂತವು. ಆಫೀಸಿನ ಲಾಬೆಲ್ ಮೇಡಂ ಒಳ್ಳೆಯವರು. ನನ್ನನ್ನು ಕೂರಿಸಿಕೊಂಡು ಹೇಳಿದರು.

“ನಿಮ್ಮ ಕಾಲೇಜಿನ ಅಂಕ ಚಿನ್ನದಂಗಿದೆ. ಆದ್ರೆ ಈ ನಾಲ್ಕು ಅಳಿಸೋ ತನಕ ಆ ಅರವತ್ತೆರಡು ಕ್ರೆಡಿಟ್ ಒಳಗೆ ತಗೋಳಕ್ಕೆ ಬರಲ್ಲ. ಬಿಟ್ಟು ಹೋಗಿದ್ದಕ್ಕೆ ತಕ್ಕ ಕಾರಣ ಇತ್ತು ಅಂತ ಸಮಿತಿ ಒಪ್ಪಿದ್ರೆ ಅಳಿಸ್ತಾರೆ.”

ಫಾರಂನಲ್ಲಿ ಕಾರಣಕ್ಕೆ ಮೂರೇ ಚೌಕ. ಸೈನ್ಯ, ಕಾಯಿಲೆ, ಸಂಕಷ್ಟ.

“ಸೈನ್ಯಕ್ಕೇನಾದ್ರೂ ಹೋಗಿದ್ರಾ?”

“ಇಲ್ಲ.”

“ಹಾಗಾದ್ರೆ ಕಾಯಿಲೆ?”

“ಬಸುರಿ ಆಗೋದು ಕಾಯಿಲೆ ಅಲ್ಲ ಮೇಡಂ. ಏಳು ತಿಂಗಳಲ್ಲಿ ನಾನು ಸೌದೆ ಒಡೀತಿದ್ದೆ.”

“ಸರಿ, ಸಂಕಷ್ಟಕ್ಕೆ ಒಂದು ಗುರುತು ಹಾಕ್ಬಿಡಿ. ಪುರಾವೆಗೆ ಮಗಳ ಜನನ ಪತ್ರ ಸೇರಿಸಿ. ಮುಗೀತು.”

ನಾನು ಪೆನ್ನಿನ ಮುಚ್ಚಳ ಹಾಕಿದೆ. “ನನ್ನ ಮಗಳ ಜನನ ಪತ್ರ ಇಟ್ಟು, ಪಕ್ಕದಲ್ಲಿ ಸಂಕಷ್ಟ ಅಂತ ನಾನೇ ಗುರುತು ಹಾಕೋದಾ? ನನ್ನ ಕೈಲಿ ಆಗಲ್ಲ.”

ಆಗಸ್ಟ್ 15 ಕೊನೆಯ ದಿನ. ಅದು ತಪ್ಪಿದರೆ ಇನ್ನೆರಡು ವರ್ಷ ಕಾಯಬೇಕು. ಅಷ್ಟರಲ್ಲಿ ಒಂದನೇ ತರಗತಿಗೆ ಬೇರೆ ಯಾರೋ ಬಂದಿರುತ್ತಾರೆ. ಎಲ್ಲ ಗೊತ್ತು ನನಗೆ. ಆದರೂ ಹಾಕುವುದಿಲ್ಲ.

ಇದನ್ನೆಲ್ಲ ನಿನಗೆ ಯಾಕೆ ಹೇಳಿರಲಿಲ್ಲವೆಂದರೆ, ಹೇಳಿದರೆ ನೀನು ತಿಂಗಳು ಎಣಿಸುತ್ತೀಯೆಂದು.

ಅಮ್ಮ


ವಾಲ್ಟರ್ ಪಾಮರ್, ಸುಪೀರಿಯರ್ ಸರೋವರ
ಜೂನ್ 18

ಅಮ್ಮಾ,

ಎಣಿಸಿದೆ. ಎರಡು ಸಲ ಎಣಿಸಿದೆ.

ಮೊದಲು ಕೋಪ ಬಂತು. ಆಮೇಲೆ ಒಬ್ಬಳೇ ಹಿಂದಿನ ಡೆಕ್ಕಿನಲ್ಲಿ ನಿಂತು, ಹೊರಟುಹೋಗುವವಳು ನಪಾಸು ಮಾಡುವವರಿಗೆ ಬ್ರೆಡ್ ಕೊಟ್ಟು ಬಂದದ್ದನ್ನು ನೆನೆದು ನಕ್ಕೆ. ಆ ನಾಲ್ವರಲ್ಲಿ ಒಬ್ಬನಾದರೂ ಬಾಯಿ ತುಂಬಿಕೊಂಡೇ ‘ಫಾರಂ’ ಅನ್ನಬಾರದಿತ್ತೇ?

ಗುರುತು ಹಾಕು, ಅಮ್ಮ. ಸುಳ್ಳು ಬರೆಯುತ್ತಿಲ್ಲ ನೀನು. ಹುಟ್ಟುವಾಗ ಹತ್ತು ಪೌಂಡು ತೂಗುತ್ತಿದ್ದೆ. ಎಂಟು ತಿಂಗಳು ರಾತ್ರಿಯಿಡೀ ಅತ್ತೆನೆಂದು ಅಪ್ಪ ಇವತ್ತಿಗೂ ಹೇಳುತ್ತಾನೆ. ಆರನೇ ವಯಸ್ಸಿನಲ್ಲಿ ಸೌನಾಕ್ಕೆ ಬೆಂಕಿ ಹಚ್ಚಿದೆ, ಒಳಗಿನ ಒಲೆಗಲ್ಲ, ಇಡೀ ಸೌನಾಕ್ಕೆ. ಇದು ಸಂಕಷ್ಟವಲ್ಲದಿದ್ದರೆ ಮಿಶಿಗನ್ನಿನಲ್ಲಿ ಸಂಕಷ್ಟವೇ ಇಲ್ಲ.

ಜನನ ಪತ್ರದ ಪ್ರತಿ ಜೊತೆಯಲ್ಲಿದೆ.

ಇನ್ನೊಂದು ಕೇಳುತ್ತೇನೆ, ತಮಾಷೆಯಾಗಿ ಅಲ್ಲ. ನಾನು ಬಾರದಿದ್ದರೆ ನೀನು ಯಾವತ್ತೋ ಟೀಚರಾಗಿರುತ್ತಿದ್ದೆ. ಹೌದೋ, ಅಲ್ಲವೋ?

ಕ್ರಿಸ್ಟಾ


ಹೆಮ್ಲಾಕ್ ಕ್ರೀಕ್
ಜುಲೈ 1

ಕ್ರಿಸ್ಟಾ,

ಪ್ರತಿ ತಲುಪಿತು. ನಿನ್ನ ಪ್ರಶ್ನೆಗೆ ಈಗ ಉತ್ತರ ಬರೆಯಲಾರೆ.

ನಾನೇ ಒಂದು ದಾರಿ ಹುಡುಕಿದ್ದೆ. ಸ್ಕೇಲು ಇಟ್ಟು, ಮೂರು ಚೌಕದ ಕೆಳಗೆ ನಾಲ್ಕನೆಯದೊಂದು ಅಚ್ಚುಕಟ್ಟಾಗಿ ಎಳೆದೆ. ಪಕ್ಕದಲ್ಲಿ ‘ಮಗಳು’ ಎಂದು ಬರೆದು ಅದಕ್ಕೆ ಗುರುತು ಹಾಕಿ ಕಳಿಸಿದೆ. ನಾಲ್ಕು ದಿನಕ್ಕೆ ಲಾಬೆಲ್ ಮೇಡಂ ಫೋನು ಬಂತು.

“ಸೈಮಾ, ತುಂಬ ಚೆನ್ನಾಗಿ ಚೌಕ ಎಳೆದಿದೀರ. ಆದ್ರೆ ನಮ್ಮ ಕಂಪ್ಯೂಟರಿಗೆ ಮೂರೇ ಗೊತ್ತು.”

“ಅದಕ್ಕೂ ಸ್ವಲ್ಪ ಕಲಿಸಿ ಮೇಡಂ. ಯೂನಿವರ್ಸಿಟಿ ತಾನೇ ಅದು?” ಅಂದೆ.

ಅವರು ನಕ್ಕರು. ಫಾರಂ ಮಾತ್ರ ವಾಪಸು ಬಂತು. ಮೇಜಿನ ಮೇಲಿದೆ. ಅದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟಿದ್ದೇನೆ.

ಅಮ್ಮ


ಹೆಮ್ಲಾಕ್ ಕ್ರೀಕ್
ಜುಲೈ 9

ಕ್ರಿಸ್ಟಾ,

ನಾನು ಅಪ್ಪ. ನನಗೆ ಪತ್ರ ಬರೆದು ಅಭ್ಯಾಸವಿಲ್ಲ, ಗೊತ್ತಲ್ಲ.

ನಿಮ್ಮಮ್ಮ ಗುರುತು ಹಾಕುತ್ತಿಲ್ಲ. ಮನೆಯ ಗೋಡೆಯೆಲ್ಲ ತೊಳೆದಳು. ಈಗ ಕೊಟ್ಟಿಗೆಯ ಗೋಡೆ ತೊಳೆಯುತ್ತಿದ್ದಾಳೆ. ನನ್ನ ಹಿಮ ಗುಡಿಸುವ ಲಾರಿಯನ್ನು ಜುಲೈನಲ್ಲಿ ಯಾರಾದರೂ ತೊಳೆಯುತ್ತಾರೆಯೇ? ತೊಳೆದಳು.

ನಿನಗೆ ಒಂದು ವಿಷಯ ತಿಳಿದಿರಲಿ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ, ತರಗತಿ ಶುರುವಾಗುವ ವಾರ, ಟೈರು ನೋಡಬೇಕೆಂದು ನನ್ನನ್ನು ಪೇಟೆಗೆ ಹೊರಡಿಸುತ್ತಾಳೆ. ಟೈರಿನ ಅಂಗಡಿ ಇರುವುದು ಕೆಳಗೆ, ಕೆರೆಯ ದಂಡೆಯಲ್ಲಿ. ನಾವು ಗುಡ್ಡ ಸುತ್ತಿ, ಯೂನಿವರ್ಸಿಟಿಯ ಮುಂದೆ ಹಾದು ಹೋಗುತ್ತೇವೆ. ಅವಳು ಕಿಟಕಿ ಇಳಿಸುತ್ತಾಳೆ. ನಾನು ನಿಧಾನಕ್ಕೆ ಓಡಿಸುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಹೀಗೇ.

ನಾನು ಹೇಳಿದರೆ ಕೇಳುವುದಿಲ್ಲ. ನೀನು ಏನಾದರೂ ಮಾಡು.

ನಿನ್ನಪ್ಪ
ರಾಯ್


ವಾಲ್ಟರ್ ಪಾಮರ್ ಹಡಗು
ಜುಲೈ 20

ಮೇಲ್ಮನವಿ ಸಮಿತಿಯ ಸದಸ್ಯರಿಗೆ
(ಪ್ರತಿ: ಶ್ರೀಮತಿ ಸೈಮಾ ಕೋಸ್ಕಿ, ಅವರು ಇದನ್ನು ಓದಿ ಕೋಪಿಸಿಕೊಳ್ಳಬಹುದು)

ಮಾನ್ಯರೇ,

1989ರ ನವೆಂಬರಿನಲ್ಲಿ ಸೈಮಾ ನೀಮಿ ಎಂಬ ವಿದ್ಯಾರ್ಥಿನಿ ನಿಮ್ಮ ಯೂನಿವರ್ಸಿಟಿ ಬಿಟ್ಟುಹೋಗಲು ಸಂಕಷ್ಟವೊಂದು ಕಾರಣವಾಗಿತ್ತೇ ಎಂಬುದು ತಮ್ಮ ಮುಂದಿರುವ ಪ್ರಶ್ನೆ. ಸದರಿ ಸಂಕಷ್ಟವೇ ನಾನು. ವಯಸ್ಸು ಇಪ್ಪತ್ತೆಂಟು, ಎತ್ತರ ಐದು ಅಡಿ ಹತ್ತು ಅಂಗುಲ, ಆರೋಗ್ಯ ಉತ್ತಮ. ನನ್ನ ಜನನ ಪತ್ರ ತಮ್ಮ ಕಡತ ಸೇರುತ್ತದೆ. ಅದರಲ್ಲಿ ಬರೆದಿರುವ ತೂಕವನ್ನು ದಯವಿಟ್ಟು ಗಮನಿಸಬೇಕು.

ನನ್ನ ತಾಯಿ ಆ ಚೌಕಕ್ಕೆ ಗುರುತು ಹಾಕಲು ಒಪ್ಪುತ್ತಿಲ್ಲ. ನನಗೆ ನೋವಾಗುತ್ತದೆಂದು ಅವರ ಭಯ. ಆ ಸಂಬಂಧ ಈ ಮೂಲಕ ತಿಳಿಸುವುದೇನೆಂದರೆ, ನನಗೆ ನೋವಾಗುವುದಿಲ್ಲ. ನನ್ನಿಂದ ಅವರು ಎರಡನೇ ಸಲ ತರಗತಿ ಬಿಡಬೇಕಾಗಿ ಬಂದರೆ ನೋವಾಗುತ್ತದೆ, ಬಹಳ ನೋವಾಗುತ್ತದೆ.

ಅವರು ಎಂಥ ಟೀಚರಾಗುತ್ತಾರೆಂದು ನನಗೆ ಗೊತ್ತು. ನಾನು ಓದು ಕಲಿತದ್ದು ಶಾಲೆಯಲ್ಲಲ್ಲ, ಹಿಟ್ಟು ಹರಡಿದ ಅಡುಗೆಮನೆಯ ಮೇಜಿನ ಮೇಲೆ. ಅಕ್ಷರ ತಪ್ಪಿದರೆ ಕೈಯಿಂದ ಸವರಿ ಮತ್ತೆ ಬರೆಯಿಸುತ್ತಿದ್ದರು. ಒಂದು ಸಲವೂ ಗದರಿದ ನೆನಪಿಲ್ಲ, ನಾನು ಸೌನಾ ಸುಟ್ಟ ದಿನ ಬಿಟ್ಟು.

ವಿಶ್ವಾಸಪೂರ್ವಕ,
ಕ್ರಿಸ್ಟಾ ಕೋಸ್ಕಿ
(ಹಡಗಿನ ಚೀಫ್ ಎಂಜಿನಿಯರ್ ಮತ್ತು ಕಲಾವಿದರಾದ ಡ್ವೇನ್ ಅವರು ಸಾಕ್ಷಿ ಸಹಿ ಮಾಡಿರುತ್ತಾರೆ)


ಹೆಮ್ಲಾಕ್ ಕ್ರೀಕ್
ಆಗಸ್ಟ್ 28

ನನ್ನ ಮುದ್ದು ಸಂಕಷ್ಟವೇ,

ಕೋಪ ಬಂದಿತ್ತು. ನಿಜ. ಅಂಗಳದಲ್ಲಿ ಮೂರು ಸುತ್ತು ನಡೆದೆ, ಆರೋಗ್ಯಕ್ಕಾಗಿ.

ಒಂಬತ್ತನೇ ತಾರೀಖು ಸಮಿತಿ ಕರೆಸಿತು. ನಿನ್ನಪ್ಪ ಮದುವೆಯ ಕೋಟು ಹಾಕಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತ. ಒಳಗೆ ಮೂವರಿದ್ದರು, ಜೊತೆಗೆ ಲಾಬೆಲ್ ಮೇಡಂ. ಮೇಡಂ ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದರು. ‘ತೂಕವನ್ನು ಗಮನಿಸಬೇಕು’ ಎಂಬಲ್ಲಿಗೆ ಬಂದಾಗ ನಡುವೆ ಕೂತಿದ್ದವರು ಕನ್ನಡಕ ತೆಗೆದು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಹಿಟ್ಟಿನ ಮೇಜಿನ ಮಾತು ಬಂದಾಗ ಯಾರೂ ನಗಲಿಲ್ಲ. ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಶೂ ನೋಡುತ್ತಾ ಕೂತೆ.

ಓದಿ ಮುಗಿದ ಮೇಲೆ ಆ ಕನ್ನಡಕದವರು ಫಾರಂ ನನ್ನ ಮುಂದೆ ಇಟ್ಟರು. “ನಮ್ಗೆಲ್ಲಾ ಒಪ್ಪಿಗೆ ಇದೆ ಕಣ್ರೀ. ಗುರುತು ಮಾತ್ರ ನೀವೇ ಹಾಕ್ಬೇಕು” ಎಂದರು.

ಆಗ ನಿನ್ನ ಪ್ರಶ್ನೆ ನೆನಪಾಯಿತು. ಉತ್ತರ ಹೌದು, ಮಗಳೇ. ನೀನು ಬಾರದಿದ್ದರೆ ನಾನು ಯಾವತ್ತೋ ಟೀಚರಾಗಿರುತ್ತಿದ್ದೆ. ಹೀಗೆಂದರೆ ನಿನ್ನನ್ನು ಬೇಡವೆಂದ ಹಾಗೆ ಆಗುತ್ತದೆಂದು ಹೆದರಿ, ಓದಬೇಕೆಂಬ ಆಸೆ ಇತ್ತೆಂದೇ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನೀನು ಹಡಗು ಹತ್ತುವಾಗ ಓದು ಎಂದು ನಿನಗೂ ಹೇಳಲಿಲ್ಲ. ಅದು ನನ್ನ ತಪ್ಪು. ಎರಡು ಬೇರೆ ಬೇರೆ ವಿಷಯವನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೆ. ಮೇ ತಿಂಗಳಲ್ಲಿ ನೀನು ಬಂದದ್ದು ಒಂದು. ಅಷ್ಟು ಸಂತೋಷ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ನವೆಂಬರಿನಲ್ಲಿ ನಾನು ಆ ಬಸ್ಸು ಹತ್ತಿದ್ದು ಇನ್ನೊಂದು. ಊರು ಬರುವವರೆಗೂ ಅತ್ತೆ. ಪಕ್ಕದ ಸೀಟಿನ ಮುದುಕಿ ತನ್ನ ಕರವಸ್ತ್ರ ಕೊಟ್ಟು, ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಬಸ್ಸು ಹತ್ತಿದ್ದು ಸಂಕಷ್ಟವೇ. ಅದನ್ನು ಹಾಗೆ ಕರೆದರೆ ನಿನ್ನ ಮೇಲೆ ಒಂದು ಗೆರೆಯೂ ಬೀಳುವುದಿಲ್ಲ.

ಗುರುತು ಹಾಕಿದೆ. ಎಷ್ಟು ಒತ್ತಿ ಹಾಕಿದೆನೆಂದರೆ ಲಾಬೆಲ್ ಮೇಡಂ, “ಸಾಕು ಸೈಮಾ, ಕೆಳಗೆ ಮೇಜಿದೆ” ಎಂದರು.

ನಾಲ್ಕು ನಪಾಸೂ ಅಳಿಸಿಹೋದವು. ಅರವತ್ತೆರಡು ಕ್ರೆಡಿಟ್ ಅವತ್ತೇ ಮಧ್ಯಾಹ್ನ ಒಳಗೆ ಬಂದವು. ಹೊರಗೆ ಬಂದು ಹೇಳಿದರೆ ನಿನ್ನಪ್ಪ ಎದ್ದು ನಿಂತ, ಕೂತ, ಮತ್ತೆ ಎದ್ದ. “ಈಗ ಟೈರು ನೋಡಕ್ಕೆ ಹೋಗ್ಬೇಕಾ?” ಅಂದ. ಇಬ್ಬರೂ ಆ ಕಾರಿಡಾರಿನಲ್ಲೇ ನಕ್ಕು ನಕ್ಕು ಸುಸ್ತಾದೆವು.

ನಿನ್ನೆ ಗುರುತಿನ ಚೀಟಿ ಮಾಡಿಸಲು ಹೋಗಿದ್ದೆ. ಉದ್ದನೆಯ ಸಾಲು, ಎಲ್ಲ ನಿನಗಿಂತ ಚಿಕ್ಕವರು. ಕಿಟಕಿಯ ಹುಡುಗಿ ತಲೆ ಎತ್ತದೆ ಹೆಸರು ಕೇಳಿದಳು, ಹೇಳಿದೆ. ಹುಟ್ಟಿದ ದಿನ ಕೇಳಿದಳು, ಅದನ್ನೂ ಹೇಳಿದೆ. ಆಮೇಲೆ, “ಯಾವ ವರ್ಷ?” ಎಂದಳು.

“ಮೂರನೇ ವರ್ಷ” ಅಂದೆ.

ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಇನ್ನೊಂದು ಸಲ ಹೇಳಿದೆ.

ನಿನ್ನ
ಅಮ್ಮ